ಯಂತ್ರಕ್ಕೆ ಸಿಗದ ಬೀಪಿ

"ಫಿಶಾರ್ ಏರಿದೆ ಬೇಟಿ," ಎಂದರು ಖಾಲಾ, ಎರಡೂ ಕೈಯಿಂದ ಕುತ್ತಿಗೆಯ ಹಿಂಭಾಗ ಒತ್ತಿಕೊಳ್ಳುತ್ತ. ನಾನು ಪುಸ್ತಕದಲ್ಲಿ 'ರಕ್ತದೊತ್ತಡ' ಎಂದು ಬರೆದುಕೊಂಡೆ. ಕೆಲಸಕ್ಕೆ ಸೇರಿ ಆಗ ಎರಡು ತಿಂಗಳಾಗಿತ್ತು. ಅಫ್ಘಾನಿಸ್ತಾನದ ದರಿ ಭಾಷೆಯಲ್ಲಿ ಫಿಶಾರ್ ಅಂದರೆ ಒತ್ತಡ ಎಂಬುದು ನನಗೆ ಗೊತ್ತಿತ್ತು. ಅಷ್ಟೇ ಗೊತ್ತಿದ್ದದ್ದೇ ತೊಂದರೆಯಾಯಿತು.

ಕಾರಿನಲ್ಲಿ ಕೂರಿಸಿಕೊಂಡು ಕ್ಲಿನಿಕ್ಕಿಗೆ ಕರೆದೊಯ್ದೆ. ನರ್ಸ್ ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದಳು. 122–78. ಮರುವಾರ ಮತ್ತೆ ಹೋದೆವು, 118–76. ಮೂರನೇ ಸಲ ನರ್ಸ್ ಯಂತ್ರ ನೋಡಲಿಲ್ಲ, ನನ್ನ ಮುಖ ನೋಡಿದಳು. "ಇವರ ಮಶೀನು ಕೆಟ್ಟಿದೆ," ಎಂದರು ಖಾಲಾ ಉರ್ದುವಿನಲ್ಲಿ. ಅದನ್ನು ಮಾತ್ರ ನಾನು ಇಂಗ್ಲಿಷಿಗೆ ತರಲಿಲ್ಲ.

ನಾನು ಬೀದರಿನವಳು. ಮದುವೆಯಾಗಿ ಬಂದು ನೆಲೆಸಿದ್ದು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ. ಸಾಫ್ಟ್‌ವೇರ್ ಕನ್ನಡಿಗರಿಗೆ ಈ ಊರು ಹೊಸದಲ್ಲ. ಆದರೆ ಇದೇ ಊರಿನ ಸೆಂಟರ್‌ವಿಲ್ ಭಾಗಕ್ಕೆ 'ಲಿಟಲ್ ಕಾಬೂಲ್' ಎಂಬ ಹೆಸರಿರುವುದು ನಮ್ಮವರಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. 1979ರ ಡಿಸೆಂಬರಿನಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿದ ಮೇಲೆ ದೇಶ ಬಿಟ್ಟವರಲ್ಲಿ ಹಲವರು ಇಲ್ಲಿಗೆ ಬಂದರು. ಖಾಲಿದ್ ಹೊಸೇನಿಯವರ 'ದ ಕೈಟ್ ರನ್ನರ್' ಓದಿದವರಿಗೆ ಊರಿನ ಹೆಸರು ನೆನಪಿರಬಹುದು. ಆಮೇಲೆ ಅಂತರ್ಯುದ್ಧ, ತಾಲಿಬಾನ್, ಮತ್ತೆ ಯುದ್ಧ, ಮತ್ತೆ ತಾಲಿಬಾನ್. ಪ್ರತಿ ಸಲವೂ ಒಂದಷ್ಟು ಮನೆಗಳು ಇಲ್ಲಿ ಹೊಸದಾಗಿ ತುಂಬಿದವು. ಆ ಮನೆಗಳಿಗೆ ಹೋಗಿ ಮಾತಾಡಿಸಿ, ಮನಸ್ಸಿನ ಆರೋಗ್ಯ ವಿಚಾರಿಸಿ, ಬೇಕಾದವರನ್ನು ವೈದ್ಯರ ಬಳಿ ತಲುಪಿಸುವುದು ನನ್ನ ಕೆಲಸ.

ಈ ಕೆಲಸ ನನಗೆ ಸಿಕ್ಕಿದ್ದು ಬೀದರಿನ ಉರ್ದುವಿನಿಂದ. ಖಾಲಾ ತೊಂಬತ್ತರ ದಶಕದಲ್ಲಿ ಕಾಬೂಲಿನ ಕಾಳಗಕ್ಕೆ ಹೆದರಿ ಪೇಶಾವರಕ್ಕೆ ಓಡಿ, ಅಲ್ಲೇ ಹಲವು ವರ್ಷ ಕಳೆದವರು. ಅವರ ಉರ್ದು ಪೇಶಾವರದ್ದು, ನನ್ನದು ನಮ್ಮ ಓಣಿಯ ದಖನಿ. ಮಧ್ಯದಲ್ಲಿ ಎಲ್ಲೋ ಒಂದು ಕಡೆ ಇಬ್ಬರೂ ಕೂಡುತ್ತೇವೆ. ನಮ್ಮೂರಲ್ಲಿ ಮಹಮೂದ್ ಗವಾನನ ಮದರಸಾ ಇದೆ. ಪರ್ಷಿಯಾದ ಗೀಲಾನಿನಿಂದ ಬಂದವನು 1472ರ ಸುಮಾರಿಗೆ ಕಟ್ಟಿಸಿದ್ದು. ಅವನಂಥವರು ತಂದ ಮಾತು ನಮ್ಮ ಬಾಯಲ್ಲಿ ಇನ್ನೂ ಇದೆ. ಒಮ್ಮೆ "ನಡೀರಿ ಖಾಲಾ, ದವಾಖಾನೆಗೆ ಹೋಗೋಣ" ಎಂದೆ. ಬ್ಯಾಗು ಹಿಡಿದು ಬಂದರು, ಆಸ್ಪತ್ರೆ ಬಾಗಿಲಲ್ಲಿ ಇಳಿಸಿದಾಗ ಗಾಬರಿಯಾದರು. ಕಾಬೂಲಿನಲ್ಲಿ ದವಾಖಾನಾ ಅಂದರೆ ಔಷಧಿ ಅಂಗಡಿ. ಬೀದರಿನ ದವಾಖಾನೆಯಲ್ಲಿ ಡಾಕ್ಟರೂ ಇರುತ್ತಾರೆ ಎಂದು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ಅಪಾಯಿಂಟ್‌ಮೆಂಟ್ ಹೊತ್ತು ಮೀರಿತ್ತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಖಾಲಾ ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ, ಗುರುತು ಹತ್ತುವ ವಿವರಗಳನ್ನು ಬದಲಿಸಿದ್ದೇನೆ. ಖಾಲಾ ಎಂದಷ್ಟೇ ಕರೆಯುತ್ತೇನೆ: ತಾಯಿಯ ಅಕ್ಕತಂಗಿಯರನ್ನು ಅಫ್ಘನ್ನರೂ ಖಾಲಾ ಎನ್ನುತ್ತಾರೆ, ಬೀದರಿನ ನಮ್ಮ ನೆರೆಯವರೂ ಹಾಗೇ ಅನ್ನುತ್ತಿದ್ದರು.

ಫಿಶಾರಿನ ಗುಟ್ಟು ನನಗೆ ಗೊತ್ತಾದದ್ದು ಒಬ್ಬ ಹಿರಿಯ ಸಹೋದ್ಯೋಗಿಯಿಂದ. ಅವರು ಓದಲು ಒಂದು ಲೇಖನ ಕೊಟ್ಟರು. ಕೆನ್ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು ಕಾಬೂಲಿನ ಸಾಮಾನ್ಯ ಜನರನ್ನೇ ಕೂರಿಸಿಕೊಂಡು, 'ಸಂಕಟದಲ್ಲಿರುವವರು ಹೇಗಿರುತ್ತಾರೆ, ಅದಕ್ಕೆ ನೀವು ಏನನ್ನುತ್ತೀರಿ' ಎಂದು ಕೇಳಿ ಒಂದು ಪಟ್ಟಿ ಮಾಡಿದ್ದರು. 2006ರಲ್ಲಿ ಅದು ಪ್ರಕಟವಾಯಿತು. ಅದರಲ್ಲಿ ಅಳು, ನಿದ್ದೆಗೇಡು, ಬೇಸರ ಇದ್ದವು. ಅವು ಎಲ್ಲ ಕಡೆ ಇರುತ್ತವೆ. ಜೊತೆಗೆ ಇಂಗ್ಲಿಷಿನ ಯಾವ ಪ್ರಶ್ನಾವಳಿಯಲ್ಲೂ ಸಿಗದ ಮಾತುಗಳಿದ್ದವು. ಜಿಗರ್ ಖೂನ್, ಅಂದರೆ ಪಿತ್ತಜನಕಾಂಗ ರಕ್ತವಾಗುವುದು: ಕಳೆದುಕೊಂಡವರಿಗಾಗಿ ಒಳಗೊಳಗೇ ಬೇಯುವ ದುಃಖ. ಅಸಬಿ, ಅಂದರೆ ಸಣ್ಣದಕ್ಕೂ ಸಿಡಿಯುವುದು, ಮಕ್ಕಳ ಮೇಲೆ ಕೈ ಎತ್ತುವುದು. ಫಿಶಾರೆ ಬಾಲಾ, ಮೇಲಿನ ಒತ್ತಡ: ಮೈಯೆಲ್ಲ ಬಿಗಿದು, ತಲೆ ಕಾದು, ಒಳಗೆ ಏನೋ ಒತ್ತಿ ಬಂದ ಹಾಗೆ. ಫಿಶಾರೆ ಪಾಯಿನ್, ಕೆಳಗಿನ ಒತ್ತಡ: ಕೈಕಾಲು ಸೋತು, ಏಳುವುದೇ ಬೇಡ ಎನ್ನಿಸುವುದು. ಇವಕ್ಕೂ ತೋಳಿನ ಪಟ್ಟಿಗೂ ಸಂಬಂಧವಿಲ್ಲ.

ಓದಿ ಮುಗಿಸಿ ತಲೆ ಚಚ್ಚಿಕೊಂಡೆ. "ಸುಮ್ಮನಿರು, ನನ್ನ ಬೀಪಿ ಏರಿಸಬ್ಯಾಡ" ಎಂದು ನಮ್ಮಮ್ಮ ದಿನಕ್ಕೆ ನಾಲ್ಕು ಸಲ ಅನ್ನುತ್ತಿದ್ದಳು. ಅವಳನ್ನು ನಾನು ಎಂದಾದರೂ ಬೀಪಿ ನೋಡಿಸಲು ಕರೆದೊಯ್ದಿದ್ದೆನೆ? ಹೊಟ್ಟೆ ಉರಿಯಿತು ಎಂದವರಿಗೆ ನಾವು ಜೆಲುಸಿಲ್ ಕೊಡುವುದಿಲ್ಲ. ಕರುಳು ಕಿತ್ತು ಬಂತು ಎಂದರೆ ಸ್ಕ್ಯಾನಿಂಗ್ ಮಾಡಿಸುವುದಿಲ್ಲ. ದುಃಖವನ್ನು ನಾವು ಕರುಳಲ್ಲಿ ಇಟ್ಟಿದ್ದೇವೆ, ಅವರು ಜಿಗರಿನಲ್ಲಿ ಇಟ್ಟಿದ್ದಾರೆ. ಇಂಗ್ಲಿಷಿನ ಫಾರಂ ಮುಂದೆ ಹಿಡಿದು ಕೂತ ಕೂಡಲೇ ಕನ್ನಡತಿಯಾದ ನನಗೇ ಇದು ಮರೆತುಹೋಗಿತ್ತು.

ಫಾರಂಗಳೆಲ್ಲ ಕೆಟ್ಟವು ಎಂದಲ್ಲ. ನಿರಾಶ್ರಿತರಿಗೆಂದೇ ಅಮೆರಿಕದ ಸಿಯಾಟಲ್ ಕಡೆ ರೂಪಿಸಿದ 15 ಪ್ರಶ್ನೆಗಳ ಒಂದು ಪಟ್ಟಿ ನಮ್ಮಲ್ಲಿ ಬಳಕೆಯಲ್ಲಿದೆ. 'ಸ್ವಲ್ಪ', 'ಬಹಳ', 'ವಿಪರೀತ' ಎಂಬುದನ್ನು ಅಕ್ಷರ ಬಾರದವರಿಗೂ ತಿಳಿಸಲು ಅದರಲ್ಲಿ ಭರಣಿಗಳ ಚಿತ್ರ ಹಾಕಿದ್ದಾರೆ. ಒಂದು ಖಾಲಿ, ಒಂದರಲ್ಲಿ ತಳ ಮುಚ್ಚುವಷ್ಟು ಕಾಳು, ಕೊನೆಯದು ಕಂಠದವರೆಗೆ. ಖಾಲಾ ಕನ್ನಡಕ ಏರಿಸಿ ನೋಡಿ, "ಇದರಲ್ಲಿ ಏನು ಹಾಕಿದ್ದಾರೆ, ಲೋಬಿಯಾ ಕಾಳಾ?" ಎಂದು ಕೇಳಿದರು. ಆಮೇಲೆ ಒಂದೊಂದೇ ಪ್ರಶ್ನೆಗೆ ಕೊನೆಯ ಭರಣಿಯ ಮೇಲೆ ಬೆರಳಿಟ್ಟರು. ಕಾಬೂಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದವರು ಅವರು. ಅಕ್ಷರ ಬಾರದವರಿಗೆಂದು ಬರೆದ ಚಿತ್ರದ ಮೇಲೆ ಬೆರಳಿಡುವಾಗ ಅವರ ಮುಖ ನೋಡಲು ನನಗಾಗಲಿಲ್ಲ.

ಇದಕ್ಕಿಂತ ಕೆಟ್ಟದ್ದೂ ನಡೆದಿದೆ. ನಾನು ಪರಿಚಯವಾಗುವ ಮೊದಲು ಬೇರೊಂದು ಕ್ಲಿನಿಕ್‌ನಲ್ಲಿ ಖಿನ್ನತೆಯ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನು ಖಾಲಾಗೆ ಅನುವಾದಿಸಿ ಹೇಳಿದ್ದು ಅವರ ಹನ್ನೊಂದು ವರ್ಷದ ಮೊಮ್ಮಗ. ಒಂಬತ್ತನೆಯ ಪ್ರಶ್ನೆ, ಸತ್ತುಹೋದರೆ ಒಳ್ಳೆಯದು ಎಂದು ಅನ್ನಿಸಿದೆಯೇ ಎಂಬುದು. ಹುಡುಗ ಅಜ್ಜಿಯ ಕಡೆ ತಿರುಗದೆ "ನೋ" ಎಂದನಂತೆ. ಮಕ್ಕಳನ್ನು ದುಭಾಷಿ ಮಾಡಬಾರದೆಂದು ಇಲ್ಲಿ ನಿಯಮವೇ ಇದೆ. ಮಂಗಳವಾರ ಮಧ್ಯಾಹ್ನ ಮೂರಕ್ಕೆ ದರಿ ಬಲ್ಲವರು ಸಿಗದಿದ್ದರೆ ನಿಯಮ ಗೋಡೆಯ ಮೇಲೆ ತೂಗುತ್ತಿರುತ್ತದೆ. ದುಭಾಷಿ ಸಿಕ್ಕರೂ ಇನ್ನೊಂದು ಅಂಜಿಕೆ: ಅವನು ಯಾರ ಪೈಕಿ, ಪಶ್ತೂನನೋ ತಾಜಿಕನೋ ಹಜಾರನೋ, ನಾಳೆ ಮಸೀದಿಯಲ್ಲಿ ಯಾರಿಗೆ ಹೇಳುತ್ತಾನೋ. 'ದೀವಾನಾ', ಅಂದರೆ ಹುಚ್ಚು, ಎಂಬ ಹೆಸರು ಒಮ್ಮೆ ಬಂತೆಂದರೆ ಮನೆಯ ಹೆಣ್ಣುಮಕ್ಕಳ ಸಂಬಂಧಕ್ಕೂ ತೊಡಕು. ಇದನ್ನು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಖಾಲಾ ಬಂದದ್ದು 2021ರ ಆಗಸ್ಟಿನಲ್ಲಿ. 15ಕ್ಕೆ ಕಾಬೂಲ್ ತಾಲಿಬಾನ್ ಕೈಸೇರಿತು. ತಿಂಗಳ ಕೊನೆಯೊಳಗೆ ಒಂದು ಲಕ್ಷ 20 ಸಾವಿರಕ್ಕೂ ಹೆಚ್ಚು ಜನರನ್ನು ವಿಮಾನಗಳಲ್ಲಿ ಹೊರಗೆ ಸಾಗಿಸಿದರು. ಖಾಲಾರ ಮಗ ಅಮೆರಿಕದ ಸೇನೆಗೆ ದುಭಾಷಿಯಾಗಿದ್ದವನು. ಎರಡು ಹಗಲು ಎರಡು ರಾತ್ರಿ ವಿಮಾನ ನಿಲ್ದಾಣದ ಗೇಟಿನ ಹೊರಗೆ ನಿಂತು, ಮೂರನೇ ದಿನ ಮಗ, ಸೊಸೆ, ಮೊಮ್ಮಗನ ಜೊತೆ ಒಳಗೆ ನುಸುಳಿದರು. 26ರಂದು ಅದೇ ಗೇಟಿನ ಬಳಿ ಬಾಂಬು ಸಿಡಿದು 13 ಅಮೆರಿಕನ್ ಸೈನಿಕರೂ 170ರಷ್ಟು ಅಫ್ಘನ್ನರೂ ಸತ್ತರು. ಅಷ್ಟರಲ್ಲಿ ಇವರು ಹೊರಟಾಗಿತ್ತು. ಆಮೇಲೆ ವಿಸ್ಕಾನ್ಸಿನ್ ರಾಜ್ಯದ ಫೋರ್ಟ್ ಮೆಕಾಯ್ ಎಂಬ ಸೇನಾ ನೆಲೆ. ಅಲ್ಲಿ 13 ಸಾವಿರದಷ್ಟು ಜನರ ನಡುವೆ ಮಂಚ, ಕಂಬಳಿ, ಊಟದ ಸಾಲು. ಖಾಲಾ ಅಲ್ಲಿ ಮೊದಲ ಸಲ ಸುರಿಯುವ ಹಿಮ ನೋಡಿದರು ಎಂದುಕೊಂಡು ನಾನು ಕೇಳಿದರೆ ನಕ್ಕುಬಿಟ್ಟರು: "ಹುಚ್ಚಿ, ಕಾಬೂಲಿನಲ್ಲಿ ಬೀಳುವಷ್ಟು ಹಿಮ ನಿನ್ನ ಅಮೆರಿಕದಲ್ಲಿ ಎಲ್ಲಿದೆ?"

ಸೇನಾ ನೆಲೆಯಿಂದ ಹೊರಬಂದು ಈ ಊರು ಸೇರಿದ ಮೇಲೆ ಮೊದಲ 90 ದಿನ ಸರ್ಕಾರದ ನೆರವು ಇತ್ತು: ಮನೆ ಹುಡುಕಲು, ಮಕ್ಕಳನ್ನು ಶಾಲೆಗೆ ಸೇರಿಸಲು, ಕೆಲಸ ಹಿಡಿಯಲು. ಆಮೇಲೆ ಬಾಡಿಗೆ ನಿಮ್ಮದು. ಫ್ರೀಮಾಂಟ್ ಇರುವ ಬೇ ಏರಿಯಾದ ಬಾಡಿಗೆ ಎಷ್ಟೆಂದು ಇಲ್ಲಿನ ಕನ್ನಡಿಗರನ್ನು ಕೇಳಿ. ಮಗ ಈಗ ರಾತ್ರಿ ಪಾಳಿಯಲ್ಲಿ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಾನೆ, ಹಗಲು ಟ್ಯಾಕ್ಸಿ ಓಡಿಸುತ್ತಾನೆ. ನನಗೆ ಗೊತ್ತಿರುವ ಒಂದೇ ಕಟ್ಟಡದಲ್ಲಿ ಒಬ್ಬ ಮಾಜಿ ನ್ಯಾಯಾಧೀಶ, ಇಬ್ಬರು ಎಂಜಿನಿಯರು, ಒಬ್ಬ ಮಕ್ಕಳ ಡಾಕ್ಟರು ಇದ್ದಾರೆ. ನಾಲ್ವರೂ ಮನೆಮನೆಗೆ ಮುಟ್ಟಿಸುವುದು ಬೇರೆಯವರ ಊಟದ ಪೊಟ್ಟಣ. ಗಂಡಸರು ನನ್ನೊಡನೆ ಮಾತಾಡುವುದು ಕಡಿಮೆ. ಅವರ ವಿಷಯ ಹೆಂಗಸರ ಬಾಯಿಂದ ಬರುತ್ತದೆ: "ಅಸಬಿ ಆಗಿದ್ದಾರೆ." ಆ ಒಂದು ಮಾತಿನ ಹಿಂದೆ ಒಡೆದ ತಟ್ಟೆ, ಬಾಗಿಲು ಹಾಕಿಕೊಂಡ ಕೋಣೆ, ಅಪ್ಪನನ್ನು ಕಂಡರೆ ಮೂಲೆ ಸೇರುವ ಮಕ್ಕಳು ಎಲ್ಲ ಇರುತ್ತವೆ.

ಯುದ್ಧದ ಗಾಯ ಸುಳ್ಳಲ್ಲ. ಜುಲೈ 4ರ ರಾತ್ರಿ ಅಮೆರಿಕ ಸ್ವಾತಂತ್ರ್ಯೋತ್ಸವದ ಪಟಾಕಿ ಹೊಡೆಯುವಾಗ ಖಾಲಾ ಮನೆಯವರು ಕಿಟಕಿಯಿಲ್ಲದ ಬಚ್ಚಲುಮನೆಯಲ್ಲಿ ಕೂತಿರುತ್ತಾರೆ. ಆಘಾತದ ನೆನಪು ಮೈಯೊಳಗೆ ಕೂತು ಮತ್ತೆ ಮತ್ತೆ ಎದ್ದು ಬರುವುದಕ್ಕೆ ವೈದ್ಯಶಾಸ್ತ್ರ ಪಿಟಿಎಸ್‌ಡಿ ಎನ್ನುತ್ತದೆ. ಯುದ್ಧ ಕಂಡ ನಾಡುಗಳಲ್ಲಿ ಐದರಲ್ಲಿ ಒಬ್ಬರಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂದಾಜು ಕೊಟ್ಟಿತು. ಗುಳಿಗೆ ಬೇಕಾದವರಿಗೆ ಗುಳಿಗೆ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ನನ್ನ ತಕರಾರು ಬೇರೆ. ನಾವು ಅವರನ್ನು ಕೇಳುವುದೆಲ್ಲ ಹಿಂದಿನದನ್ನು: ಏನಾಯಿತು, ಯಾರು ಸತ್ತರು, ಏನು ಕಂಡಿರಿ. ಖಾಲಾಗೆ ನಿದ್ದೆ ಕೆಡಿಸುತ್ತಿರುವುದು ಇವತ್ತಿನದು.

ಅವರಿಗೆ ರಾತ್ರಿ ನಿದ್ದೆಯಿಲ್ಲ ಎಂದು ಡಾಕ್ಟರು ಬರೆದಿದ್ದರು. ಫ್ರೀಮಾಂಟಿಗೂ ಕಾಬೂಲಿಗೂ ಬೇಸಿಗೆಯಲ್ಲಿ ಹನ್ನೊಂದೂವರೆ ಗಂಟೆ ಅಂತರ, ಚಳಿಗಾಲದಲ್ಲಿ ಹನ್ನೆರಡೂವರೆ. ಇಲ್ಲಿ ಮಲಗುವ ಹೊತ್ತಿಗೆ ಅಲ್ಲಿ ಬೆಳಗಿನ ಚಹಾ. ಖಾಲಾರ ಮಗಳು ಕಾಬೂಲಿನಲ್ಲಿದ್ದಾಳೆ. ಅವಳ ಗಂಡ ಹಿಂದಿನ ಸರ್ಕಾರದ ಪೊಲೀಸ್ ಇಲಾಖೆಯಲ್ಲಿದ್ದವನು, ಮನೆಯಿಂದ ಹೊರಗೆ ಬರುವುದು ಕಡಿಮೆ. ಅವಳ ಮಗಳಿಗೆ ಹದಿನಾಲ್ಕು. ಆರನೇ ತರಗತಿ ಮುಗಿದ ಮೇಲೆ ಹುಡುಗಿಯರಿಗೆ ಅಲ್ಲಿ ಶಾಲೆಯಿಲ್ಲ. ಅಜ್ಜಿ ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ತೆರೆದು ಮೊಮ್ಮಗಳಿಗೆ ಗಣಿತ ಹೇಳಿಕೊಡಲು ಕೂರುತ್ತಾರೆ. ಇದನ್ನು ನಿದ್ರಾಹೀನತೆ ಎಂದು ಬರೆಯುವುದೋ, ಶಾಲೆ ಎಂದು ಬರೆಯುವುದೋ? ನಾನೂ ಅದೇ ಹೊತ್ತಿನಲ್ಲಿ ಬೀದರಿಗೆ ಫೋನ್ ಹಚ್ಚಿ ಅಮ್ಮನ ಹತ್ತಿರ ಹರಟುತ್ತಿರುತ್ತೇನೆ. ನನಗೆ ಯಾರೂ ಕಾಯಿಲೆ ಎಂದಿಲ್ಲ.

ಮಗಳನ್ನು ಕರೆಸಿಕೊಳ್ಳಲು ಬರುವುದಿಲ್ಲವೇ ಎಂದು ನಾನೂ ವಕೀಲರನ್ನು ಕೇಳಿದೆ. ಆಶ್ರಯ ಪಡೆದವರು ಗಂಡ ಅಥವಾ ಹೆಂಡತಿಯನ್ನೂ, 21 ತುಂಬದ, ಮದುವೆಯಾಗದ ಮಕ್ಕಳನ್ನೂ ಕರೆಸಬಹುದು. ಮದುವೆಯಾದ ಮಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ನಮ್ಮ ಗಾದೆಯನ್ನು ವಾಷಿಂಗ್ಟನ್ನಿನವರು ಎಲ್ಲಿ ಓದಿದರೋ. ಉಳಿದ ದಾರಿಗಳೂ ಒಂದೊಂದಾಗಿ ಮುಚ್ಚಿದವು. 2025ರ ಜನವರಿಯಲ್ಲಿ ನಿರಾಶ್ರಿತರನ್ನು ಕರೆತರುವ ಕಾರ್ಯಕ್ರಮವನ್ನೇ ನಿಲ್ಲಿಸಿದರು. ಜೂನಿನಲ್ಲಿ ಕೆಲವು ವಿನಾಯಿತಿ ಬಿಟ್ಟು ಅಫ್ಘನ್ನರ ಪ್ರವೇಶಕ್ಕೆ ನಿಷೇಧ ಬಂತು. ಜುಲೈಯಲ್ಲಿ, ಈಗಾಗಲೇ ಇಲ್ಲಿದ್ದ ಸಾವಿರಾರು ಜನರಿಗಿದ್ದ ತಾತ್ಕಾಲಿಕ ರಕ್ಷಣೆಯೂ ರದ್ದಾಯಿತು. ಆ ತಿಂಗಳು ನಮ್ಮ ಫೋನಿಗೆ ಬಂದ ಕರೆಗಳಲ್ಲಿ ಯುದ್ಧದ ಮಾತು ಒಂದೂ ಇರಲಿಲ್ಲ. ಎಲ್ಲರೂ ಕೇಳಿದ್ದು ಕಾಗದದ್ದೇ.

ಹಿಂದಿನ ಗಾಯಗಳಿಗೆಂದು ನಮ್ಮ ಸಂಸ್ಥೆಯಲ್ಲಿ ಒಂದು ಹಗ್ಗದ ಕೆಲಸ ಇದೆ. ಜರ್ಮನಿಯ ಕಾನ್‌ಸ್ಟಾನ್ಸ್ ವಿಶ್ವವಿದ್ಯಾಲಯದವರು ಯುದ್ಧ ಕಂಡವರಿಗಾಗಿ ರೂಪಿಸಿದ ಚಿಕಿತ್ಸೆಯ ಮೊದಲ ಹೆಜ್ಜೆ ಅದು. ನೆಲದ ಮೇಲೆ ಹಗ್ಗ ಹಾಸಬೇಕು, ಅದೇ ಬಾಳು. ಹುಟ್ಟಿನಿಂದ ಶುರುಮಾಡಿ, ಒಳ್ಳೆಯದು ಆದ ಕಡೆ ಹೂವು, ಕೆಟ್ಟದ್ದು ಆದ ಕಡೆ ಕಲ್ಲು ಇಡುತ್ತ ಬರಬೇಕು. ಕೊನೆಯ ತುದಿಯನ್ನು ಸುರುಳಿ ಸುತ್ತಿ ಹಾಗೇ ಬಿಡುತ್ತಾರೆ. ಅದು ಮುಂದಿನ ದಿನಗಳು, ಅಲ್ಲಿ ಏನೂ ಇಡುವುದಿಲ್ಲ. ಆಮೇಲೆ ಹಲವು ವಾರ ಕೂತು ಆ ಕಲ್ಲುಗಳ ಕಥೆಯನ್ನು ಒಂದೊಂದಾಗಿ, ಮೊದಲಿನಿಂದ ಕೊನೆಯವರೆಗೆ ಹೇಳಿಸುತ್ತಾರೆ. ಚೂರುಚೂರಾದ ನೆನಪು ಒಂದು ಕಥೆಯಾಗಿ ಕೂಡಿಕೊಂಡರೆ ಅದು ಹಿಂದಿನದಾಗುತ್ತದೆ ಎಂಬುದು ಅದರ ಹಿಂದಿನ ತತ್ವ. ಅದರಿಂದ ಗುಣ ಕಂಡವರನ್ನು ನಾನೇ ನೋಡಿದ್ದೇನೆ.

ಖಾಲಾ ತಮ್ಮ ಮನೆಯ ಕೆಂಪು ಜಮಖಾನೆಯ ಮೇಲೆ ಹಗ್ಗ ಹಾಸಿದರು. ಪಕ್ಕದಲ್ಲಿ ಏಲಕ್ಕಿ ಹಾಕಿದ ಹಸಿರು ಚಹಾ, ಒಂದು ತಟ್ಟೆಯಲ್ಲಿ ಒಣಗಿಸಿದ ಹಿಪ್ಪುನೇರಳೆ ಹಣ್ಣು. ಹೂವು ತಂದಿರಲಿಲ್ಲ, ಹಣ್ಣನ್ನೇ ಹೂವು ಮಾಡಿಕೊಂಡೆವು. ಶಾಲೆಗೆ ಸೇರಿದ್ದಕ್ಕೆ ಒಂದು ಹಣ್ಣು. ಅಣ್ಣನನ್ನು ಎಳೆದೊಯ್ದದ್ದಕ್ಕೆ ಕಲ್ಲು. ಮದುವೆಗೆ ಹಣ್ಣು, ಸ್ವಲ್ಪ ಯೋಚಿಸಿ ಅದರ ಪಕ್ಕ ಸಣ್ಣ ಕಲ್ಲೂ ಇಟ್ಟು ನಕ್ಕರು. ಪೇಶಾವರಕ್ಕೆ ಕಲ್ಲು. 2002ರಲ್ಲಿ ಮರಳಿ ಬಂದು ಶಾಲೆಯ ಬೀಗ ತೆಗೆದದ್ದಕ್ಕೆ ಒಂದು ಹಿಡಿ ಹಣ್ಣು. ಗಂಡನ ಸಾವಿಗೆ ಕಲ್ಲು. ವಿಮಾನ ನಿಲ್ದಾಣದ ಗೇಟಿಗೆ ಕಲ್ಲು. ಎಲ್ಲ ಇಟ್ಟ ಮೇಲೂ ಕೈಯಲ್ಲಿ ಒಂದು ಉಳಿದಿತ್ತು, ಇದ್ದುದರಲ್ಲಿ ದೊಡ್ಡದು. ಅದನ್ನು ಒಯ್ದು ಸುರುಳಿಯ ಮೇಲೆ ಇಟ್ಟರು.

"ಅಲ್ಲಿ ಇಡುವ ಹಾಗಿಲ್ಲ ಖಾಲಾ," ಎಂದೆ. "ಅದು ಮುಂದೆ ಬರುವ ದಿನಗಳು."

"ಗೊತ್ತು," ಎಂದರು. "ಇದು ನನ್ನ ಮಗಳು."

ಆ ಚಿಕಿತ್ಸೆಯ ಕೈಪಿಡಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಸತ್ತವರಿಗೆ ಅಳಬಹುದು, ನಲವತ್ತನೇ ದಿನ ಮಾಡಬಹುದು, ಹಲ್ವಾ ಹಂಚಬಹುದು. ಬದುಕಿದ್ದು ಸಿಗದವರಿಗೆ ಏನು ಮಾಡುವುದು? ಆ ಕಲ್ಲನ್ನು ನಾವು ತೆಗೆಯಲಿಲ್ಲ. ಚಹಾ ಕುಡಿದೆವು. ಮಗಳು ಚಿಕ್ಕವಳಿದ್ದಾಗ ಎಷ್ಟು ಹಟ ಮಾಡುತ್ತಿದ್ದಳು ಎಂದು ಹೇಳಿದರು, ಕೇಳಿದೆ. ಆ ದಿನದ ವರದಿಯಲ್ಲಿ ನಾನು ಬರೆದದ್ದು ಎರಡೇ ಸಾಲು.

ಆಮೇಲೆ ಸೆಪ್ಟೆಂಬರ್ ಬಂತು. ಅನೈತಿಕತೆ ತಡೆಯಬೇಕೆಂದು ಹೇಳಿ ತಾಲಿಬಾನ್ ಆಗಲೇ ಕೆಲವು ಪ್ರಾಂತಗಳಲ್ಲಿ ಇಂಟರ್ನೆಟ್ ತಂತಿ ಕತ್ತರಿಸಿತ್ತು. 2025ರ ಸೆಪ್ಟೆಂಬರ್ 29, ಸೋಮವಾರ, ಇಡೀ ದೇಶದ ಇಂಟರ್ನೆಟ್ ನಿಂತುಹೋಯಿತು, ಫೋನುಗಳೂ ಹೆಚ್ಚುಕಡಿಮೆ ಸತ್ತವು. ಅಂದು ರಾತ್ರಿ ಖಾಲಾ ಹನ್ನೊಂದರಿಂದ ಬೆಳಗಿನ ತನಕ ಫೋನ್ ಹಚ್ಚಿದರು. ಮಂಗಳವಾರ ನಾನು ಹೋದಾಗ ಅವರು ತಲೆಗೆ ಬಟ್ಟೆ ಬಿಗಿದುಕೊಂಡು ಗೋಡೆಗೆ ಒರಗಿ ಕೂತಿದ್ದರು. ವಾಟ್ಸಾಪಿನಲ್ಲಿ ಅವರು ಕಳಿಸಿದ ಗಣಿತದ ಲೆಕ್ಕದ ಮುಂದೆ ಒಂದೇ ಒಂದು ಬೂದು ಗುರುತು. ಎರಡನೆಯದು ಬರಲಿ ಎಂದು ಅದನ್ನೇ ನೋಡುತ್ತಿದ್ದರು. "ಫಿಶಾರ್," ಎಂದರು. ನಾನು ಕ್ಲಿನಿಕ್ಕಿಗೆ ಕರೆಯಲಿಲ್ಲ. ಪಕ್ಕದಲ್ಲಿ ಕೂತೆ. ಅದೇ ಕಟ್ಟಡದ ಇನ್ನೂ ಐದಾರು ಹೆಂಗಸರು ಬಂದು ಕೂತರು. ಯಾರ ಬಳಿಯೂ ಸುದ್ದಿಯಿರಲಿಲ್ಲ.

ಬುಧವಾರ ಇಲ್ಲಿ ಬೆಳಕು ಹರಿಯುವ ಮೊದಲು ಕಾಬೂಲಿನಲ್ಲಿ ನೆಟ್ ಮರಳಿತು. ಆರು ಗಂಟೆಗೆ ಮೊಮ್ಮಗ ನನಗೆ ಮೆಸೇಜ್ ಮಾಡಿದ: "ಅಜ್ಜಿ ಮಾತಾಡಿದಳು. ಈಗ ಮಲಗಿದ್ದಾಳೆ." ಮಧ್ಯಾಹ್ನ ಎರಡಕ್ಕೆ ಹೋದಾಗಲೂ ಮಲಗೇ ಇದ್ದರು. ಸೊಸೆ ಬಾಗಿಲಲ್ಲೇ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ವಾಪಸ್ ಕಳಿಸಿದಳು.

ಈ ಊರಲ್ಲೂ ಸ್ಯಾಕ್ರಮೆಂಟೊದಲ್ಲೂ ಉರ್ದು, ಹಿಂದಿ ಬಲ್ಲ ಕನ್ನಡಿಗರು ಬೇಕಾದಷ್ಟು ಜನ ಇದ್ದೀರಿ. ಪೇಶಾವರದಲ್ಲಿ ಇದ್ದು ಬಂದ ಅಫ್ಘನ್ನರಿಗೂ, ಹಿಂದಿ ಸಿನಿಮಾ ನೋಡಿ ಬೆಳೆದ ಅಫ್ಘನ್ನರಿಗೂ ಆ ಮಾತು ಬರುತ್ತದೆ. ವಾರಕ್ಕೊಂದು ದಿನ ಒಬ್ಬರನ್ನು ಡಾಕ್ಟರ ಬಳಿ ಕರೆದೊಯ್ಯಲು, ಒಂದು ಅರ್ಜಿ ಓದಿ ಹೇಳಲು ನಮಗೆ ಜನ ಬೇಕು. ಬಂದರೆ, ಮನಸ್ಸು ಹೇಗಿದೆ ಎಂದು ಮೊದಲೇ ಕೇಳಬೇಡಿ. ಕಾಬೂಲಿಗೆ ಫೋನ್ ಹತ್ತಿತೇ ಎಂದು ಕೇಳಿ.